ಗಟ್ಟಿಯಾಗಿ ಓದಿದ ಹೆಸರು

ಜನವರಿ 5, ಸೋಮವಾರ

ಹಾಲಿನ ಸಂಘದವರು ಹಂಚುವ ಡೈರಿ ಇದು. ಪ್ರತಿ ವರ್ಷ ಬಂದದ್ದನ್ನು ಪಕ್ಕದ ಮನೆಯ ಶಿವಾನಿಗೆ ಲೆಕ್ಕ ಬಿಡಿಸಲು ಕೊಟ್ಟುಬಿಡುತ್ತಿದ್ದೆ. ಈ ಸಲ ಇಟ್ಟುಕೊಂಡಿದ್ದೇನೆ. ಏಪ್ರಿಲ್ ಕೊನೆಗೆ ನನ್ನ ನಿವೃತ್ತಿ. ಕಚೇರಿಯ ಕೊನೆಯ ತಿಂಗಳುಗಳನ್ನಾದರೂ ಬರೆದಿಡಬೇಕು. ಆಮೇಲೆ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ.

ಮೊದಲ ಸಾಲಿನಲ್ಲೇ ಏನಾಯಿತು ಅಂತ ಹೇಳಿಬಿಡಬೇಕು, ಮಿಕ್ಕಿದ್ದು ಆಮೇಲೆ ಎನ್ನುತ್ತಿದ್ದರು ಅಪ್ಪ. ಅವರು ವರದಿಗಾರರಲ್ಲ, ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿ ಪತ್ರಿಕೆ ಏಜೆಂಟರು. ಅವರ ಮಾತಿನಂತೆ ಮೊದಲ ಸಾಲು: ಇವತ್ತು ಏನೂ ಆಗಲಿಲ್ಲ.

ಬೆಳಗಿನ ನರಸೀಪುರದ ಬಸ್ಸಿನಲ್ಲಿ ಬಿಂದುಶ್ರೀ ಎಂದಿನಂತೆ ಚೀಲ ಇಟ್ಟು ನನಗೆ ಸೀಟು ಹಿಡಿದಿದ್ದಳು. ಕಳಲೆಯ ಹುಡುಗಿ, ಬಿ.ಎಸ್ಸಿ. ಮಾಡಿದ್ದಾಳೆ. ಹಳ್ಳಿಗಳಿಂದ ಕುಡಿಯುವ ನೀರಿನ ಮಾದರಿ ತಂದು ನರಸೀಪುರದ ನಮ್ಮ ನೀರು ಸರಬರಾಜು ಉಪವಿಭಾಗ ಕಚೇರಿಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವುದು ಅವಳ ಕೆಲಸ. ಕಾಯಂ ಅಲ್ಲ, ಹೊರಗುತ್ತಿಗೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಅವಳು ಇಲ್ಲದಿದ್ದರೆ ನನ್ನ ಮಂಡಿ ಇಷ್ಟು ದಿನ ತಾಳುತ್ತಿರಲಿಲ್ಲ.

ಕಾಫಿ ಹೊತ್ತಿಗೆ ಟಪಾಲು ಓದಿದೆ. ಇದು ನಮ್ಮ ಕಚೇರಿಯೊಂದರಲ್ಲೇ ಇರುವ ಪದ್ಧತಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಟ್ಟಸ್ವಾಮಿ ಎಂಬುವರು ಎಂಜಿನಿಯರು. ಬೋರ್‌ವೆಲ್ ಕೆಟ್ಟಿದೆ ಎಂದು ಒಂದು ಹಳ್ಳಿಯವರು ಕೊಟ್ಟ ಅರ್ಜಿ ಯಾರೋ ಗುಮಾಸ್ತನ ಡ್ರಾಯರಿನಲ್ಲಿ ಒಂದು ಬೇಸಿಗೆ ಪೂರ್ತಿ ಮಲಗಿತ್ತು. ಅದು ಗೊತ್ತಾದ ದಿನದಿಂದ ಅವರು, ಬಂದ ಕಾಗದವನ್ನೆಲ್ಲ ಎಲ್ಲರೂ ಕೂತು ಕಾಫಿ ಕುಡಿಯುವಾಗ ಗಟ್ಟಿಯಾಗಿ ಓದಬೇಕು ಎಂದು ಮಾಡಿದರು. "ಇಲ್ಲಿಗೆ ಬರೋ ಕಾಗದ ಒಬ್ಬರಿಗೆ ಬಂದದ್ದಲ್ಲ ಕಣಮ್ಮ, ಆಫೀಸಿಗೆ ಬಂದದ್ದು" ಎನ್ನುತ್ತಿದ್ದರು. ಓದುವ ಕೆಲಸ ನನ್ನದು. ನಡುವೆ ಮೈಸೂರಿಗೂ ಹುಣಸೂರಿಗೂ ವರ್ಗವಾಗಿ ಮತ್ತೆ ಇಲ್ಲಿಗೇ ಬಂದೆ. ಪದ್ಧತಿ ಹಾಗೆಯೇ ಇತ್ತು, ನನ್ನನ್ನೇ ಕಾಯುತ್ತಿದ್ದ ಹಾಗೆ.

ಅಟೆಂಡರ್ ಮಾದಪ್ಪನಿಗೆ ಎಡಗಿವಿ ಮಂದ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ದಿನಕ್ಕೊಮ್ಮೆಯಾದರೂ "ಗಟ್ಟಿಯಾಗ್ ಓದ್ರಕ್ಕಾ, ನಮ್ಗೂವೆ ಸಂಬ್ಳ ಕೊಡ್ತಾರೆ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಇದೂ ಪದ್ಧತಿಯೇ.

ಓದುವಾಗಲೆಲ್ಲ ನನಗೆ ಅಪ್ಪನ ಅಂಗಡಿ ಕಟ್ಟೆ ಕಣ್ಣಿಗೆ ಬರುತ್ತದೆ. ಮೊದಲ ರೈಲಿಗೆ ಪತ್ರಿಕೆಯ ಕಟ್ಟು ಇಳಿಯುತ್ತಿತ್ತು. ಹಂಚುವವರು ಸೈಕಲ್ ಹತ್ತಿದ ಮೇಲೆ ಅಪ್ಪ ಕಟ್ಟೆಯ ಮೇಲೆ ಕೂತು ಓದು ಬಾರದ ಜಟಕಾದವರಿಗೆ, ಹಮಾಲಿಗಳಿಗೆ, ಹೂವಿನವರಿಗೆ ಪತ್ರಿಕೆ ಓದುತ್ತಿದ್ದರು. ಬೆಲ್ಲದ ಧಾರಣೆ, ನದಿಯ ಮಟ್ಟ, ಸತ್ತವರ ಸುದ್ದಿ, ಎಲ್ಲ. ಕೊನೆಗೆ ಒಳಪುಟದ ಮೂಲೆಯಲ್ಲಿ ಬರುತ್ತಿದ್ದ 'ತಿದ್ದುಪಡಿ'ಯನ್ನೂ ಬಿಡುತ್ತಿರಲಿಲ್ಲ. "ಅದ್ಯಾರಿಗ್ ಬೇಕು ಅಯ್ನೋರೆ, ಸಿನಿಮಾ ಸುದ್ದಿ ಓದಿ" ಎಂದರೆ, "ನಿನ್ನೆ ತಪ್ಪು ಓದಿದೋನು ನಾನೇ ತಾನೆ?" ಎನ್ನುತ್ತಿದ್ದರು. ಕಾಗದದ ಹಸಿ ಮಸಿ ಅವರ ಬೆರಳಿಗೆ ಹತ್ತಿರುತ್ತಿತ್ತು. ಆ ವಾಸನೆ ಈಗಿನ ಪತ್ರಿಕೆಗೆ ಇಲ್ಲ.

ಜನವರಿ 19, ಸೋಮವಾರ

ಇವತ್ತು ಟಪಾಲಿನಲ್ಲಿ ಬಿಂದುಶ್ರೀ ಕೊಟ್ಟ ದೂರು ಬಂತು. ದೂರು ನಮ್ಮ ಕಚೇರಿಯ ಮೇಲೆ.

ಕೇಂದ್ರ ಕಚೇರಿಯ ಜಾಗೃತ ಶಾಖೆಯ ಲಕೋಟೆ. ಮಿಕ್ಕ ಲಕೋಟೆಗಳ ಜೊತೆಯಲ್ಲೇ ಇತ್ತು, ಅವುಗಳ ಹಾಗೆಯೇ ಇತ್ತು. ಬಿಚ್ಚಿ ಎಂದಿನಂತೆ ವಿಷಯದ ಸಾಲು ಓದಿದೆ: 'ಕಾಡಪ್ಪನಹುಂಡಿ ಗ್ರಾಮದ ಕುಡಿಯುವ ನೀರನ್ನು ಪರೀಕ್ಷಿಸದೆಯೇ ಯೋಗ್ಯವೆಂದು ವರದಿ ನೀಡಲಾಗುತ್ತಿದೆಯೆಂದು ಪ್ರಯೋಗಾಲಯ ಸಹಾಯಕಿ ಬಿಂದುಶ್ರೀ ಅವರು ಸಲ್ಲಿಸಿರುವ ದೂರಿಗೆ ಕಂಡಿಕೆವಾರು ಉತ್ತರ ನೀಡುವ ಕುರಿತು.'

ಮಾದಪ್ಪ ಎಂದಿನಂತೆ, "ಯಾರು ಕೊಟ್ಟಿರೋದು? ಗಟ್ಟಿಯಾಗ್ ಓದ್ರಕ್ಕಾ" ಎಂದ. ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.

ಯಾರೂ ನಗಲಿಲ್ಲ. ಬಿಂದುಶ್ರೀ ಕಿಟಕಿಯ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ಕಿಟಕಿಯ ಮೇಲಿಟ್ಟು ಪ್ರಯೋಗಾಲಯಕ್ಕೆ ಹೋದಳು. ನಮ್ಮ ಈಗಿನ ಎಂಜಿನಿಯರು ಗುರುಪ್ರಸಾದ್ ಸಾಹೇಬರು ಕೈ ಚಾಚಿ ಕಾಗದ ಇಸಿದುಕೊಂಡು, "ಮುಂದಿನದು ಓದಿ ಮೇಡಮ್" ಎಂದರು. ಮುಂದಿನದು ಪಂಪ್ ದುರಸ್ತಿಯ ಬಗ್ಗೆ. ಓದಿದೆ.

'ಗೌಪ್ಯ' ಎಂಬ ಮೊಹರು ಕಾಗದದ ನೆತ್ತಿಯಲ್ಲಿತ್ತಂತೆ. ನಾನು ನೆತ್ತಿಯಿಂದ ಓದುವುದಿಲ್ಲ, ವಿಷಯದಿಂದ ಓದುತ್ತೇನೆ. ಗೌಪ್ಯವಾದದ್ದನ್ನು ಅರಗಿನ ಮುದ್ರೆ ಹಾಕಿದ ಒಳಲಕೋಟೆಯಲ್ಲಿ ಕಳಿಸಬೇಕು. ಅದಕ್ಕಿಂತ ಮೊದಲು, ಯಾರ ಮೇಲೆ ದೂರೋ ಅವರಿಗೇ ಕಳಿಸಿ ಉತ್ತರ ಕೇಳಬಾರದು. ಕೇಂದ್ರ ಕಚೇರಿ ಎರಡರಲ್ಲೂ ತಪ್ಪಿದೆ. ಇದರಲ್ಲಿ ನನ್ನದೇನೂ ಇಲ್ಲ. ದಾಖಲೆಗಾಗಿ ಬರೆದಿದ್ದೇನೆ.

ಜನವರಿ 20, ಮಂಗಳವಾರ

ಬಸ್ಸಿನಲ್ಲಿ ನಿಂತು ಹೋದೆ.

ಜನವರಿ 23, ಶುಕ್ರವಾರ

ದೂರಿಗೆ ಉತ್ತರದ ಕರಡು ನಾನೇ ಬರೆದೆ. ಸಾಹೇಬರು ಚೇಂಬರಿಗೆ ಕರೆದು ಕೂರಿಸಿದರು.

"ನಿಮ್ಮ ಹಾಗೆ ಕರಡು ಬರೆಯೋರು ಇಡೀ ಡಿವಿಷನ್ನಲ್ಲಿ ಇಲ್ಲ ಮೇಡಮ್. ಮೂರು ಪ್ಯಾರಾ ಸಾಕು."

"ಪರೀಕ್ಷೆ ಮಾಡಿದೀವಾ ಸಾರ್?" ಎಂದೆ.

"ತಿಂಗಳು ತಿಂಗಳು ಎಲ್ಲಾ ಹಳ್ಳಿನೂ ನೂರಕ್ಕೆ ನೂರು ತೋರಿಸ್ಬೇಕು ಅಂತಾರೆ. ಜೀಪಿಗೆ ಡೀಸೆಲ್ ಕೊಡಲ್ಲ, ಕೆಮಿಕಲ್ ಕೊಡಲ್ಲ. ನಾನೇನು ಕುಡಿದು ನೋಡಿ ಸೈನ್ ಹಾಕ್ಲಾ? ಕಾಡಪ್ಪನಹುಂಡಿಗೆ ಹೋದ ತಿಂಗಳು ಬಂದ ನೀರೇ ಈ ತಿಂಗಳೂ ಬರ್ತಿರೋದು. ಹೋದ ತಿಂಗಳ ರಿಪೋರ್ಟೇ ಹಾಕಿದೀವಿ."

ನನಗೆ ನಗು ಬಂತು. ಅವರೂ ನಕ್ಕರು. ಗುರುಪ್ರಸಾದ್ ಕೆಟ್ಟ ಮನುಷ್ಯರಲ್ಲ. ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ರಜೆಯ ಅರ್ಜಿಯನ್ನೇ ಕೇಳಲಿಲ್ಲ, ಹೋಗಿ ಬನ್ನಿ ಎಂದಿದ್ದರು.

'ದಾಖಲೆಗಳನ್ನು ಪರಿಶೀಲಿಸಲಾಗಿ, ಸದರಿ ಗ್ರಾಮದ ನೀರು ಕುಡಿಯಲು ಯೋಗ್ಯವಾಗಿರುವುದು ಕಂಡುಬಂದಿರುತ್ತದೆ' ಎಂದು ಬರೆದೆ. ದಾಖಲೆಯಲ್ಲಿ ಹಾಗೆಯೇ ಇದೆ. ನೀರನ್ನು ಪರಿಶೀಲಿಸಿದೆವು ಎಂದು ನಾನು ಎಲ್ಲಿಯೂ ಬರೆದಿಲ್ಲ. ವಾಕ್ಯ ಸುಳ್ಳಲ್ಲ.

ಜನವರಿ 30, ಶುಕ್ರವಾರ

ಬಿಂದುಶ್ರೀಯಿಂದ ಪ್ರಯೋಗಾಲಯದ ಬೀಗದಕೈ ಇಸಿದುಕೊಂಡಿದ್ದಾರೆ. ಈಗ ಅವಳ ಕುರ್ಚಿ ಉಗ್ರಾಣದಲ್ಲಿ, ಪೈಪುಗಳ ನಡುವೆ. ಕೆಲಸ ಏನೆಂದು ಯಾರೂ ಹೇಳಿಲ್ಲ. ಬೆಳಗ್ಗೆ ಬಂದು ಸಹಿ ಮಾಡಿ ಕೂರುತ್ತಾಳೆ. ಟಪಾಲು ಓದುವ ಹೊತ್ತಿಗೆ ಅವಳಿಗೆ ಕರೆ ಇಲ್ಲ.

ಮಾದಪ್ಪ ನನ್ನ ಮೇಜಿನ ಹತ್ತಿರ ಬಂದು, ಅವನ ಲೆಕ್ಕದಲ್ಲಿ ಪಿಸುಮಾತಿನಲ್ಲಿ, ಅಂದರೆ ಇಡೀ ಹಾಲಿಗೆ ಕೇಳುವಂತೆ, "ಆ ಮಗೀಗೆ ಕಾಪಿ ಕೊಟ್ಟೆ ಅಂತ ಸಾಯೇಬ್ರು ಮಖ ಎಂಗ್ ಮಾಡುದ್ರು ಗೊತ್ತಾ? ಅಳ್ಸೋಗಿರೋ ಅಲಸಿನಣ್ಣು ಕಂಡಂಗೆ. ಕಾಪಿ ನಾ ಕಾಯ್ಸೋದು. ನಾ ಕೊಡ್ತೀನಿ" ಎಂದ.

"ಸುಮ್ನಿರು ಮಾದಪ್ಪ."

"ನಾನ್ ಸುಮ್ಕೇ ಇವ್ನಿ ಕಣಕ್ಕಾ. ಅವತ್ತೂ ಸುಮ್ಕೇ ಇರ್ಬೇಕಿತ್ತು, ಯಾರು ಕೊಟ್ಟಿರೋದು ಅಂತ ಕೇಳ್ಬಾರ್ದಾಗಿತ್ತು. ನನ್ ಬಾಯಿ."

ಅವನ ಬಾಯಿ ಯಾಕೆ ಎಂದು ಕೇಳಲಿಲ್ಲ.

ಹಳೆಯ ಕಚೇರಿ ನೆನಪಾಯಿತು. ಆಗ ಕಟ್ಟಡ ಹೆಂಚಿನದು, ಹಿಂದುಗಡೆ ಒಂದು ಬೇವಿನ ಮರ. ಬೆಟ್ಟಸ್ವಾಮಿಯವರು ಫೀಲ್ಡಿಗೆ ಹೋಗಿ ಬರುವಾಗ ಮುಡುಕುತೊರೆ ಕಡೆಯ ಯಾವುದೋ ತೋಟದಿಂದ ಸೀಬೆಹಣ್ಣು ತರುತ್ತಿದ್ದರು. ಟಪಾಲು ಓದಿ ಮುಗಿಸಿದವಳಿಗೆ ಮೊದಲ ಹಣ್ಣು. ಯಾರ ಕುರ್ಚಿಯೂ ಉಗ್ರಾಣದಲ್ಲಿ ಇರಲಿಲ್ಲ.

ಫೆಬ್ರವರಿ 9, ಸೋಮವಾರ

ಬಿಂದುಶ್ರೀಯನ್ನು ಕೆಲಸದಿಂದ ತೆಗೆದರು. ಹೊರಗುತ್ತಿಗೆಯವರನ್ನು ತೆಗೆಯಲು ಆದೇಶ ಬೇಕಿಲ್ಲ. ಅವರ ಏಜೆನ್ಸಿಗೆ 'ಸೇವೆ ಅಗತ್ಯವಿಲ್ಲ' ಎಂದು ಒಂದು ಸಾಲು ಸಾಕು. ಕಾರಣ: 'ಕಚೇರಿಯ ಗೌಪ್ಯ ವಿಷಯಗಳನ್ನು ಸಹೋದ್ಯೋಗಿಗಳ ನಡುವೆ ತಾವೇ ಪ್ರಚಾರ ಮಾಡಿರುತ್ತಾರೆ.' ಈ ಸಾಲು ನಾನು ಬರೆದದ್ದಲ್ಲ.

ಸಂಜೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈಯಲ್ಲಿ ಊಟದ ಡಬ್ಬಿ, ಚಪ್ಪಲಿಯ ಒಂದು ಜೊತೆ, ಬಿಳಿ ಕೋಟು. ನಾನೇ ಮಾತಾಡಿಸಿದೆ.

"ನನಗೆ ಗೊತ್ತಿರಲಿಲ್ಲ ಕಣೇ. ಲಕೋಟೆ ಮಾಮೂಲಿ ಥರಾನೇ ಇತ್ತು."

"ಹೌದು ಮೇಡಮ್."

"ನೀನು ನನಗೊಂದು ಮಾತು ಮೊದಲೇ ಹೇಳಬಹುದಿತ್ತು. ದಿನಾ ಪಕ್ಕದಲ್ಲೇ ಕೂರ್ತಿದ್ದೆ."

"ಹೇಳೋಣ ಅಂದ್ಕೊಂಡೆ. ಬಸ್ಸಿನಲ್ಲಿ ನೀವು ದಿನಾ ಬೆಟ್ಟಸ್ವಾಮಿ ಸಾಹೇಬ್ರ ಕಥೆ ಹೇಳ್ತಿದ್ರಿ. ಈ ಆಫೀಸಲ್ಲಿ ಏನೂ ಮುಚ್ಚಿಡಲ್ಲ ಅಂತ. ಹೇಳಿದ್ರೆ ಮಾರನೇ ದಿನ ಟಪಾಲಲ್ಲಿ ಓದ್ಬಿಡ್ತೀರೇನೋ ಅನ್ನಿಸ್ತು." ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. "ಬಿಡಿ. ನೀವು ತುಂಬಾ ಚೆನ್ನಾಗಿ ಓದ್ತೀರ ಮೇಡಮ್. ಒಂದಕ್ಷರ ನುಂಗಲ್ಲ."

ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ನಾನು ಮುಂದಿನ ಬಸ್ಸಿಗೆ ಕಾದೆ.

ಫೆಬ್ರವರಿ 10, ಮಂಗಳವಾರ

ಟಪಾಲು ಓದಿದೆ. ನಾಲ್ಕೈದು ಕಾಗದ. ಮಾದಪ್ಪ ಏನೂ ಕೇಳಲಿಲ್ಲ.

ಫೆಬ್ರವರಿ 17, ಮಂಗಳವಾರ

ಅರ್ಧ ದಿನ ರಜೆ ಹಾಕಿ ಕಾಡಪ್ಪನಹುಂಡಿಗೆ ಹೋಗಿ ಬಂದೆ. ಬೇರೆ ಉದ್ದೇಶವಿಲ್ಲ. ನಾನು ಬರೆದ ವಾಕ್ಯದ ಊರು ಹೇಗಿದೆ ಎಂದು ನೋಡಬೇಕಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಕಾಗದದಲ್ಲಿ ಕಂಡ ಹಳ್ಳಿಗಳೇ ಹೆಚ್ಚು.

ಶಾಲೆಯ ಹಿಂದೆ ನೀರಿನ ಟ್ಯಾಂಕು. ಟ್ಯಾಂಕಿನಿಂದ ಬರುವ ಪೈಪು ಚರಂಡಿಯೊಳಗೇ ಹಾದು ಬರುತ್ತದೆ. ಒಂದು ಕಡೆ ಒಡೆದಿದೆ. ಸೈಕಲ್ ಟ್ಯೂಬು ಸುತ್ತಿದ್ದಾರೆ. ನೀರು ಬಿಟ್ಟಾಗ ಪೈಪಿನದು ಚರಂಡಿಗೆ ಹೋಗುತ್ತದೆ, ನಿಂತಾಗ ಚರಂಡಿಯದು ಪೈಪಿಗೆ ಬರುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ.

ನಲ್ಲಿಯ ಹತ್ತಿರ ಸಣ್ಣತಾಯಮ್ಮ ಎಂಬ ಹೆಂಗಸು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಹಿಡಿಯುತ್ತಿದ್ದಳು.

"ಯಾರವ್ವ, ಸರ್ವೆಯವ್ರಾ?"

"ಅಲ್ಲ, ನೀರಿನ ಆಫೀಸು."

"ಓ, ನೀರ್ನೋರಾ! ಬನ್ನಿ, ಒಂದ್ ಲೋಟ ಕುಡ್ದು ಓಗಿ." ಪಕ್ಕದ ಹೆಂಗಸರು ಕಿಸಕ್ಕೆಂದರು. "ಯಾಕ್ ಇಂದಕ್ ಓಯ್ತೀರಿ? ಚಂದಾಗದೆ ಅಂತ ಬರ್ದಿದೀರಂತಲ್ಲ."

ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ.

"ಬಾಟ್ಲು ಇಡ್ಕಂಡ್ ಒಂದು ಎಣ್ಮಗ ಬತ್ತಿತ್ತು," ಎಂದಳು ಸಣ್ಣತಾಯಮ್ಮ. "ನಮ್ಮ ಮೊಮ್ಮಗೀಗೆ ವಾಂತಿಬೇದಿ ಆಗಿ ದೊಡ್ಡಾಸ್ಪತ್ರೆಗೆ ಆಕಿದ್ದಾಗ ಆ ಮಗವೇ ಬಂದು, ಕಾಯ್ಸಿ ಆರ್ಸಿ ಕುಡ್ಸಿ ಅಂತ ಮನಮನೆಗೂ ಏಳ್ಬುಟ್ ಓಯ್ತು. ಆಮ್ಯಾಕೆ ಕಾಣ್ನೇ ಇಲ್ಲ. ಮದ್ವೆಗಿದ್ವೆ ಆಯ್ತಾ?"

"ಇಲ್ಲ, ಕೆಲಸ ಬಿಟ್ಟಳು" ಎಂದೆ.

ಬಿಟ್ಟಳು ಎಂದು ಹೇಳಿದೆ. ಬರೆಯುವಾಗ ಗಮನಿಸಿದೆ.

ಫೆಬ್ರವರಿ 22, ಭಾನುವಾರ

ಬೆಟ್ಟಸ್ವಾಮಿಯವರ ಮನೆಗೆ ಹೋಗಿದ್ದೆ. ನಂಜನಗೂಡಿನಲ್ಲೇ, ಹೊಳೆಗೆ ಇಳಿಯುವ ದಾರಿಯಲ್ಲಿದ್ದಾರೆ. ಎಂಬತ್ತು ದಾಟಿದೆ. ನೆಟ್ಟಗೆ ಕೂರುತ್ತಾರೆ, ಪತ್ರಿಕೆಯನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಸೊಸೆ ಮಾನಸ ಕಾಫಿ ಕೊಟ್ಟಳು.

ಹಳೆಯದನ್ನೆಲ್ಲ ಮಾತಾಡಿದೆವು. ಹೆಂಚಿನ ಕಟ್ಟಡ, ಬೇವಿನ ಮರ, ಮಳೆಗಾಲದಲ್ಲಿ ಟಪಾಲಿನ ಮೇಲೆ ಸೋರಿದ ನೀರು. ಅವರು ನಕ್ಕು ಕೆಮ್ಮಿದರು. ಕೊನೆಗೆ ನಡೆದದ್ದನ್ನು ಹೇಳಿದೆ. ಕೇಂದ್ರ ಕಚೇರಿಯವರ ಬೇಜವಾಬ್ದಾರಿ ಎಂಬಂತೆ ಹೇಳಿದೆ. ನಮ್ಮ ಪದ್ಧತಿಯಂತೆ ಓದಿದೆ, ನೀವು ಕಲಿಸಿದ್ದು, ಎಂದೆ.

ಅವರು ಭೂತಗನ್ನಡಿ ಒರೆಸಿ ಪಕ್ಕಕ್ಕಿಟ್ಟರು.

"ರುದ್ರಾಣಿ, ನಾನು ನಿನ್ನ ಕೈಗೆ ಟಪಾಲು ಕೊಡ್ತಿದ್ದದ್ದು ಎಷ್ಟು ಹೊತ್ತಿಗೆ?"

"ಕಾಫಿ ಹೊತ್ತಿಗೆ ಸಾರ್."

"ಪೋಸ್ಟ್ ಬರ್ತಿದ್ದದ್ದು?"

"ಅದಕ್ಕಿಂತ ಮೊದಲು. ಆಫೀಸು ತೆಗೆಯೋ ಹೊತ್ತಿಗೆ."

"ನಡುವೆ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ದೆ? ಬಾಗಿಲು ಹಾಕ್ಕೊಂಡು ಪೂಜೆ ಮಾಡ್ತಿದ್ನಾ? ಒಂದೊಂದನ್ನೂ ಬಿಚ್ಚಿ ನೋಡ್ತಿದ್ದೆ ಕಣಮ್ಮ. ನಮ್ಮೋರ ಮೇಲೆ ನಮ್ಮೋರೇ ಬರೆದದ್ದಿದ್ರೆ ಎತ್ತಿಟ್ಟು, ಸಂಜೆ ಆ ಮನುಷ್ಯನ್ನ ಒಬ್ಬನ್ನೇ ಕರೆದು ಮಾತಾಡಿಸ್ತಿದ್ದೆ. ಮಿಕ್ಕಿದ್ದನ್ನ ಜೋಡಿಸಿ ನಿನಗೆ ಕೊಡ್ತಿದ್ದೆ. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ಓದಿದ್ದು ಅವರು ಆರಿಸಿ ಕೊಟ್ಟದ್ದನ್ನು. ಅವರು ಹೋದ ಮೇಲೆ ಆರಿಸುವವರು ಯಾರೂ ಇರಲಿಲ್ಲ. ಓದುವವಳು ಮಾತ್ರ ಇದ್ದೆ.

"ಆ ಮಗು ಊರು ಯಾವುದು?" ಎಂದು ಕೇಳಿದರು.

"ಕಳಲೆ."

"ಹತ್ತಿರಾನೇ ಆಯ್ತಲ್ಲ" ಎಂದರು. ಅದಕ್ಕೆ ಏನು ಅರ್ಥವೋ.

ಮಾರ್ಚ್ 4, ಬುಧವಾರ

ಬಿಂದುಶ್ರೀ ಸುಮ್ಮನೆ ಕೂತಿಲ್ಲ. ಕೇಂದ್ರ ಕಚೇರಿಯ ಮೇಲಧಿಕಾರಿಗೆ ಬರೆದಿದ್ದಾಳೆ. ತೇಜಸ್ವಿನಿ ಎಂಬ ವಿಚಾರಣಾಧಿಕಾರಿಯಿಂದ ಪತ್ರ ಬಂದಿದೆ. ಈ ಸಲ ಅರಗಿನ ಮುದ್ರೆ ಇತ್ತು. ಬಿಚ್ಚದೆ ಸಾಹೇಬರ ಚೇಂಬರಿಗೆ ಕಳಿಸಿದೆ.

ಮಧ್ಯಾಹ್ನ ಕರೆದರು. ದೂರುದಾರರ ಹೆಸರು ಹೊರಬಿದ್ದದ್ದು ಹೇಗೆ ಎಂದು ಕೇಳಿದ್ದಾರಂತೆ. ಟಪಾಲು ನೋಡಿಕೊಳ್ಳುವವರ ಲಿಖಿತ ಹೇಳಿಕೆ ಬೇಕಂತೆ. ಸಾಹೇಬರು ಹೇಳಿಕೆಯನ್ನು ತಾವೇ ಟೈಪ್ ಮಾಡಿಸಿದ್ದರು: 'ದೂರುದಾರರು ದೂರು ನೀಡಿದ ವಿಷಯವನ್ನು ತಾವೇ ಸಿಬ್ಬಂದಿಯಲ್ಲಿ ಹೇಳಿಕೊಂಡಿದ್ದರಿಂದ ಅದು ಮೊದಲೇ ಎಲ್ಲರಿಗೂ ತಿಳಿದಿತ್ತು.'

"ಇಲ್ಲೊಂದು ಸೈನ್ ಹಾಕಿಬಿಡಿ ಮೇಡಮ್."

"ಅವಳು ಹೇಳಿಕೊಂಡಿರಲಿಲ್ಲ ಸಾರ್."

"ನೋಡಿ." ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅವಳೇ ಹೇಳ್ಕೊಂಡ್ಳು ಅಂತಾದ್ರೆ ತೆಗೆದದ್ದು ಸರಿ ಆಗುತ್ತೆ, ವಿಚಾರಣೆ ಇಲ್ಲಿಗೇ ಮುಗಿಯುತ್ತೆ. ಆಫೀಸಿಂದ ಹೊರಬಿತ್ತು ಅಂತಾದ್ರೆ ಅವಳನ್ನ ವಾಪಸ್ ತಗೋಬೇಕು. ಆಮೇಲೆ ಟೆಸ್ಟು, ರಿಪೋರ್ಟು ಎಲ್ಲಾ ಕೆದಕ್ತಾರೆ. ನನಗಿರಲಿ, ನಿಮಗೂ ಗೌಪ್ಯತೆ ಉಲ್ಲಂಘನೆ ಅಂತ ನೋಟಿಸು ಗ್ಯಾರಂಟಿ. ಏಪ್ರಿಲಲ್ಲಿ ಹಾರ ಹಾಕಿಸ್ಕೊಂಡು ನೆಮ್ಮದಿಯಾಗಿ ಮನೆಗೆ ಹೋಗೋದು ಬಿಟ್ಟು ಇದೆಲ್ಲ ಬೇಕಾ? ಅವಳಿಗೇನು, ಚಿಕ್ಕ ವಯಸ್ಸು. ಎಲ್ಲಾದ್ರೂ ಸಿಗುತ್ತೆ."

ಸೋಮವಾರ ಕೊಡುತ್ತೇನೆ ಎಂದೆ.

ಮಾರ್ಚ್ 7, ಶನಿವಾರ

ಅಮ್ಮ ಬೆಳಗ್ಗೆ ಅವರೆಕಾಯಿ ಸುಲಿಯುತ್ತಾ, "ಏನೇ, ಮೂರು ದಿನದಿಂದ ಮುಖ ಹಿಂಗಿಟ್ಕೊಂಡಿದ್ದೀ? ರಿಟೈರಾದ ಮೇಲೆ ದಿನಾ ಈ ಮುಖ ನಾನು ನೋಡ್ಬೇಕಾ?" ಎಂದಳು. ಅಮ್ಮ ಎಂದರೆ ಗುರುಸಿದ್ದಮ್ಮ. ಸ್ಟೇಷನ್ ರಸ್ತೆಯಲ್ಲಿ ಈಗಲೂ ಅವಳ ಬಾಯಿಗೆ ಹೆದರುವ ಮುದುಕರಿದ್ದಾರೆ.

ನಾನು, "ಅಪ್ಪ ತಿದ್ದುಪಡಿ ಓದ್ತಿದ್ರಲ್ಲ, ನೆನಪಿದೆಯಾ?" ಎಂದೆ.

"ನೆನಪಿಲ್ದೆ ಏನು. ನಂಜೇಶಪ್ಪನ ಗಲಾಟೆ ಆಗಿದ್ದು ಅದ್ರಿಂದ್ಲೇ ಅಲ್ವಾ?"

ನನಗೆ ಗೊತ್ತಿರದ ಸಂಗತಿ. ನಾನಾಗ ತೊಟ್ಟಿಲಲ್ಲಿ ಇದ್ದಿರಬೇಕು. ಕಳ್ಳಮಾಲು ಮಾರಿದವನೆಂದು ಪತ್ರಿಕೆಯಲ್ಲಿ ಪಾತ್ರೆ ಅಂಗಡಿಯ ನಂಜೇಶಪ್ಪನ ಹೆಸರು ಬಂದಿತ್ತಂತೆ. ಅಪ್ಪ ಕಟ್ಟೆಯ ಮೇಲೆ ಓದಿದರಂತೆ. ಮಾರನೆಯ ದಿನ ಹೆಸರು ತಪ್ಪಾಗಿದೆ ಎಂದು ತಿದ್ದುಪಡಿ. ಅದನ್ನೂ ಕಟ್ಟೆಯ ಮೇಲೆ ಓದಿದರಂತೆ.

"ಅಷ್ಟಕ್ಕೇ ಬಿಟ್ರಾ ನಿಮ್ಮಪ್ಪ? ನಿನ್ನೆ ಕೇಳಿದ ಹೂವಿನೋರು ಇಬ್ಬರು ಇವತ್ತ್ ಬಂದಿಲ್ಲ ಅಂತ, ಪೇಪರ್ ಕಂಕುಳಲ್ಲಿ ಇಟ್ಕೊಂಡು ಅವರ ಬೀದಿಗೆ ಹೋಗಿ ಓದಿ ಬಂದ್ರು. ಆಮೇಲೆ ನಂಜೇಶಪ್ಪನ ಅಂಗಡಿ ಮುಂದೆ ನಿಂತು ಇನ್ನೊಂದ್ಸಲ. ಅವನು, ಸಾಕು ಮಾರಾಯ, ಮರೆತೋರ್ಗೂ ನೆನಪು ಮಾಡ್ತಿದ್ದೀಯ ಅಂತ ಬೈದ. ಮನೇಲಿ ಬೆಳಗಿನ ತಿಂಡಿ ಆರಿ ಕಲ್ಲಾಗಿತ್ತು. ನನಗೆ ಎಷ್ಟು ಕೋಪ ಬಂದಿತ್ತು ಗೊತ್ತಾ?"

"ಆಮೇಲೆ?"

"ಆಮೇಲೇನು. ಬಿಸಿ ಮಾಡ್ಕೊಟ್ಟೆ."

ಮಾರ್ಚ್ 9, ಸೋಮವಾರ

ಇವತ್ತು ನನ್ನ ಹೇಳಿಕೆಯನ್ನು ಟಪಾಲಿನ ಹೊತ್ತಿಗೆ ಓದಿ ವಿಚಾರಣಾಧಿಕಾರಿಗೆ ಕಳಿಸಿದೆ.

ಭಾನುವಾರ ಕೈಯಲ್ಲೇ ಬರೆದು ಇಟ್ಟಿದ್ದೆ. ಮೊದಲು ಬರೆದದ್ದರಲ್ಲಿ 'ಓದಲಾಗಿರುತ್ತದೆ' ಎಂದಿತ್ತು. ಯಾರು ಓದಿದ್ದು ಎಂದು ಆ ವಾಕ್ಯದಲ್ಲಿ ಇರಲಿಲ್ಲ. ಹರಿದೆ. ಎರಡನೆಯದರಲ್ಲಿ 'ಒಮ್ಮೆ ಓದಿರುತ್ತೇನೆ' ಎಂದಿತ್ತು. ಈ ಡೈರಿಯ ಜನವರಿ 19ನ್ನು ತೆಗೆದು ನೋಡಿದೆ. ಅದನ್ನೂ ಹರಿದೆ.

ಕಾಫಿ ಬಂತು. ಎಲ್ಲರೂ ಇದ್ದರು. ಬಂದ ಕಾಗದಗಳನ್ನು ಮೊದಲು ಓದಿದೆ. ಒಂದು ಮೋಟಾರು ಸುಟ್ಟಿದೆ, ಒಂದು ಕಡೆ ಪೈಪು ಒಡೆದಿದೆ, ಒಂದು ತರಬೇತಿಯ ಸುತ್ತೋಲೆ. ಸಾಹೇಬರು ಎದ್ದು ಹೊರಟಿದ್ದರು. "ಇನ್ನೊಂದಿದೆ ಸಾರ್" ಎಂದೆ.

ಓದಿದ್ದು ಇಷ್ಟು:

'ದಿನಾಂಕ 19ನೇ ಜನವರಿಯಂದು ದೂರುದಾರರಾದ ಬಿಂದುಶ್ರೀ ಅವರ ಹೆಸರನ್ನು ಈ ಕಚೇರಿಯ ಎಲ್ಲ ಸಿಬ್ಬಂದಿಯ ಮುಂದೆ ಓದಿದವಳು ನಾನು. ಎರಡು ಸಲ ಓದಿದೆ. ಎರಡನೆಯ ಸಲ ಗಟ್ಟಿಯಾಗಿ ಓದಿದೆ. ಅದಕ್ಕೂ ಮೊದಲು ಅವರು ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಆ ದೂರಿಗೆ ಕಳಿಸಿದ ಉತ್ತರದ ಕರಡನ್ನು ಬರೆದವಳೂ ನಾನೇ. ಅದರಲ್ಲಿ ದಾಖಲೆಗಳನ್ನು ಪರಿಶೀಲಿಸಲಾಗಿದೆ ಎಂದಿದೆ. ನೀರನ್ನು ಪರಿಶೀಲಿಸಿರಲಿಲ್ಲ. ಸಹಿ, ರುದ್ರಾಣಿ.'

ಸಾಹೇಬರು ನನ್ನನ್ನು ನೋಡಿದರು. ಕೋಪಕ್ಕಿಂತ ಹೆಚ್ಚಾಗಿ ಸುಸ್ತಾದವರ ಹಾಗೆ ಕಂಡರು. "ಇದನ್ನ ಚೇಂಬರಲ್ಲಿ ಕೊಡಬಹುದಿತ್ತಲ್ಲ ಮೇಡಮ್. ಎಲ್ಲರ ಮುಂದೆ ಯಾಕೆ?"

"ಅದನ್ನೂ ಎಲ್ಲರ ಮುಂದೆಯೇ ಓದಿದ್ದೆ ಸಾರ್."

"ನಿಮ್ಮ ಪಿಂಚಣಿ ಪೇಪರ್ ನನ್ನ ಟೇಬಲ್ ಮೇಲಿಂದಾನೇ ಹೋಗ್ಬೇಕು. ಗೊತ್ತಿದೆ ತಾನೆ?"

"ಗೊತ್ತಿದೆ ಸಾರ್. ಬಂದಾಗ ಅದನ್ನೂ ಓದ್ತೀನಿ."

ಇದನ್ನು ನಾನು ತಮಾಷೆಗೆ ಹೇಳಿರಲಿಲ್ಲ, ಆದರೆ ಯಾರೋ ನಕ್ಕರು.

ಕಾಗದ ಮಡಿಸಲು ಹೊರಟವಳು ಮಾದಪ್ಪನ ಕಡೆ ನೋಡಿದೆ. ಅವನು ಸ್ಟೂಲಿನಿಂದ ಎದ್ದು ನಿಂತಿದ್ದ. ಬಲಗಿವಿ ನನ್ನ ಕಡೆಗಿತ್ತು.

"ಕೇಳುಸ್ತು ಬುಡಕ್ಕಾ" ಎಂದ. "ಚೆಂದಾಗ್ ಕೇಳುಸ್ತು."

"ಇರು" ಎಂದೆ. ಕಾಗದ ಬಿಡಿಸಿ, ಮೊದಲಿನಿಂದ ಇನ್ನೊಮ್ಮೆ ಓದಿದೆ. ಗಟ್ಟಿಯಾಗಿ.

ಮಾರ್ಚ್ 12, ಗುರುವಾರ

ಕಚೇರಿ ಆದೇಶ: ಇನ್ನು ಮುಂದೆ ಟಪಾಲನ್ನು ಬಹಿರಂಗವಾಗಿ ಓದತಕ್ಕದ್ದಲ್ಲ. ಅದನ್ನು ಸಿಬ್ಬಂದಿಗೆ ತಿಳಿಸಬೇಕಾದ್ದರಿಂದ, ಓದಿ ಹೇಳಿದೆ. ಅದೇ ಕೊನೆಯದು.

ಕಾಫಿ ಹೊತ್ತು ಉದ್ದವಾಗಿದೆ. ಏನು ಮಾತಾಡಬೇಕೆಂದು ಯಾರಿಗೂ ತಿಳಿಯುತ್ತಿಲ್ಲ.

ಮಾರ್ಚ್ 20, ಶುಕ್ರವಾರ

ಗೌಪ್ಯತೆ ಉಲ್ಲಂಘನೆಗೆ ಕಾರಣ ಕೇಳಿ ನನಗೆ ನೋಟಿಸು ಬಂತು. ನಿನ್ನೆಯ ಯುಗಾದಿ ಒಬ್ಬಟ್ಟು ಡಬ್ಬಿಯಲ್ಲಿತ್ತು. ಮಾದಪ್ಪನಿಗೆ ಎರಡು ಕೊಟ್ಟೆ. "ನೋಟೀಸ್ ಬಂದ್ ದಿನ ಒಬ್ಬಟ್ಟಾ! ದಿನಾ ಬರ್ಲಿ ಕಣಕ್ಕಾ" ಎಂದ.

ಮಾರ್ಚ್ 27, ಶುಕ್ರವಾರ

ಬಿಂದುಶ್ರೀಯನ್ನು ತೆಗೆದದ್ದನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದಿದ್ದಾರೆ. ನನಗೆ ಇದು ಕಾಗದದಿಂದ ತಿಳಿಯಲಿಲ್ಲ. ಬೆಳಗ್ಗೆ ಬಸ್ಸಿನಲ್ಲಿ ಅವಳನ್ನು ಕಂಡಾಗಲೇ ತಿಳಿಯಿತು, ವಿವರ ಆಮೇಲೆ ಕಚೇರಿಯಲ್ಲಿ.

ಇವತ್ತು ನಾನು ಬೇಗ ಹೋಗಿದ್ದೆ, ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ದೇವನೂರಿನ ಕಡೆಯ ಹೆಂಗಸೊಬ್ಬರು ಮಗು ಮಲಗಿಸಿಕೊಂಡು ಕೂತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಬಿಂದುಶ್ರೀ ಹತ್ತಿದಳು. ಮೇಲಿನ ಕಂಬಿ ಹಿಡಿದು ಜನರ ನಡುವೆ ನಿಂತಳು. ಎದೆಗೆ ಒತ್ತಿಕೊಂಡ ಡಬ್ಬದೊಳಗೆ ಗಾಜಿನ ಬಾಟಲಿಗಳು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಟಣ್ ಎನ್ನುತ್ತಿದ್ದವು.

ಸೇತುವೆ ದಾಟುವವರೆಗೂ ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಹೊಳೆಯನ್ನೇ ನೋಡುತ್ತಿದ್ದೆ. ಆಮೇಲೆ ಒಂದು ಜೋರು ತಿರುವು ಬಂತು. ಅವಳು ಜೋಲಿ ಹೊಡೆದು, ಮಗುವಿನ ತಲೆಯ ಮೇಲಿನಿಂದ ಡಬ್ಬವನ್ನು ನನ್ನ ಕಡೆ ಚಾಚಿದಳು.

"ಸ್ವಲ್ಪ ಹಿಡ್ಕೊಳಿ ಮೇಡಮ್. ಒಡೆದ್ರೆ ಮತ್ತೆ ಕೊಡಲ್ಲ ಇವನ್ನ."

ಹಿಡಿದುಕೊಂಡೆ. ನರಸೀಪುರ ಬರುವವರೆಗೆ ತೊಡೆಯ ಮೇಲಿತ್ತು. ಬಾಟಲಿಗಳು ಖಾಲಿ. ಒಂದೊಂದಕ್ಕೂ ಅವಳ ಅಕ್ಷರದಲ್ಲಿ ಊರಿನ ಹೆಸರಿನ ಚೀಟಿ ಅಂಟಿತ್ತು. ಮೊದಲನೆಯದು ಕಾಡಪ್ಪನಹುಂಡಿ. ಮಿಕ್ಕವನ್ನೂ ಓದಿದೆ, ಮನಸ್ಸಿನಲ್ಲೇ.